ದಾನಿಗಳ ದಾಖಲೆ ಜಾಲತಾಣದೊಳಗೇ ಇರಬೇಕೇ?

ಪರ: ಇರಲೇಬೇಕು

ಸಂಘ ನಡೆಸುವವರಿಗೆ ಮೇ ತಿಂಗಳು ಬಂತೆಂದರೆ ನಿದ್ದೆ ಹತ್ತುವುದಿಲ್ಲ. 80ಜಿ ಮಾನ್ಯತೆ (ದಾನಿಗಳಿಗೆ ಆದಾಯ ತೆರಿಗೆ ರಿಯಾಯಿತಿ ಸಿಗುವಂಥದ್ದು) ಪಡೆದ ಸಂಸ್ಥೆಗಳು ಹಿಂದಿನ ಆರ್ಥಿಕ ವರ್ಷದ ದೇಣಿಗೆಗಳ ವಿವರವನ್ನು ಮೇ 31ರೊಳಗೆ 10ಬಿಡಿ ನಮೂನೆಯಲ್ಲಿ ಸಲ್ಲಿಸಬೇಕು. ವಿಳಾಸ ಒಂದು ಎಕ್ಸೆಲ್ ಕಡತದಲ್ಲಿ, ಪ್ಯಾನ್ ಖಜಾಂಚಿಯ ವಾಟ್ಸಾಪ್‌ನಲ್ಲಿ, ಮೊತ್ತ ಟ್ಯಾಲಿಯಲ್ಲಿ ಇದ್ದರೆ ತಾಳೆಯಾಗುವುದು ಹೇಗೆ?

ದಾನಿಗಳ, ಸದಸ್ಯರ ದಾಖಲೆಯನ್ನು ಒಂದೆಡೆ ಇಡಲೆಂದೇ ಸಿವಿಸಿಆರ್‌ಎಂ ಎಂಬ ಮುಕ್ತ ತಂತ್ರಾಂಶ 2005ರಿಂದ ಇದೆ. ಡ್ರೂಪಲ್, ವರ್ಡ್‌ಪ್ರೆಸ್, ಜೂಮ್ಲಾ, ಹೀಗೆ ಸಂಘದ ಜಾಲತಾಣ ನಡೆಯುತ್ತಿರುವ ವ್ಯವಸ್ಥೆಯೊಳಗೇ ಅದು ಸೇರಿಕೊಳ್ಳುತ್ತದೆ. ದೇಣಿಗೆ ಪುಟದಲ್ಲಿ ಹಣ ಕಟ್ಟಿದರೆ ದಾನಿಯ ಹೆಸರಿನಲ್ಲೇ ದಾಖಲಾಗುತ್ತದೆ. ಸದಸ್ಯತ್ವ ಮುಗಿಯುವ ದಿನ, ಶ್ರಮದಾನಕ್ಕೆ ಬಂದದ್ದು, ಯಾರ ಮನೆಯವರು ಎಂಬುದು, ಎಲ್ಲವೂ ಅಲ್ಲೇ. ಪರವಾನಗಿ ಶುಲ್ಕವೂ ಇಲ್ಲ.

ಜಯನಗರದ ನಿವೃತ್ತ ಶಿಕ್ಷಕಿಯೊಬ್ಬರು ನಾನು ದುಡಿಯುತ್ತಿದ್ದ ಕೆರೆ ಸಂಘಕ್ಕೆ ಪ್ರತಿವರ್ಷ ಪತಿಯ ತಿಥಿಯಂದು ಹಣ ಕೊಡುತ್ತಿದ್ದರು. ನಮ್ಮ ಒಂದು ಪಟ್ಟಿಯಲ್ಲಿ ಅವರ ಇನಿಷಿಯಲ್ ಹೆಸರಿನ ಮುಂದಿತ್ತು, ಇನ್ನೊಂದರಲ್ಲಿ ಹಿಂದಿತ್ತು, ಮೂರನೆಯದರಲ್ಲಿ ಪತಿಯ ಹೆಸರೇ ಇತ್ತು. ದೇಣಿಗೆ ಕೋರಿದ ಪತ್ರ ತೀರಿಕೊಂಡವರ ಹೆಸರಿಗೆ ಹೋಯಿತು. ಅವರು ಪತ್ರವನ್ನು ಕಚೇರಿಗೆ ತಂದು ಮೇಜಿನ ಮೇಲಿಟ್ಟು, "ಅವರಿಲ್ಲ ಎಂದು ಪ್ರತಿವರ್ಷ ಹೇಳುತ್ತಲೇ ಇದ್ದೇನಲ್ಲಪ್ಪಾ" ಎಂದರು. ಮರುವರ್ಷ ಬರಲಿಲ್ಲ. ಸಿವಿಸಿಆರ್‌ಎಂನಲ್ಲಿ ನಿಧನರಾದವರನ್ನು ಗುರುತಿಸಲು ಒಂದು ಚೌಕವಿದೆ. ಅದರಲ್ಲಿ ಗುರುತು ಹಾಕಿದರೆ ಸಾಮೂಹಿಕ ಇಮೇಲ್ ಅವರ ಹೆಸರಿಗೆ ಹೋಗುವುದಿಲ್ಲ. ಎರಡೆರಡು ಬಾರಿ ನಮೂದಾದ ಹೆಸರುಗಳನ್ನು ಹುಡುಕಿ ಒಂದಾಗಿಸುವ ಸೌಲಭ್ಯವೂ ಇದೆ. ಭದ್ರತೆಯ ಭಯ ಹುಟ್ಟಿಸುವವರು ದಾನಿಗಳ ಪಟ್ಟಿ ಪೆನ್‌ಡ್ರೈವ್‌ನಲ್ಲಿ ಊರೆಲ್ಲ ಸುತ್ತುವುದನ್ನು ನೋಡಲಿ. ಕೊಟ್ಟವರನ್ನು ನೆನಪಿಡುವುದು ಕನಿಷ್ಠ ಮರ್ಯಾದೆ.

ವಿರೋಧ: ಬೇಡ

ಈ ತಂತ್ರಾಂಶದ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ, ತಕರಾರಿರುವುದು ಅದನ್ನು ಇಡುವ ಜಾಗದ ಬಗ್ಗೆ. ಜಾಲತಾಣ ಊರಿಗೆಲ್ಲ ತೆರೆದ ಬಾಗಿಲು. ಪ್ಯಾನ್ ಸಂಖ್ಯೆಗಳನ್ನು ಅಲ್ಲಿಡಬೇಕೇ?

2014ರ ಅಕ್ಟೋಬರ್ 15ರಂದು ಡ್ರೂಪಲ್ 7ರಲ್ಲಿ ಗಂಭೀರ ಲೋಪವೊಂದು ಪ್ರಕಟವಾಯಿತು. ಏಳು ಗಂಟೆಯೊಳಗೆ ಸರಿಪಡಿಸದ ತಾಣಗಳಿಗೆ ಕನ್ನ ಬಿದ್ದಿದೆಯೆಂದೇ ಭಾವಿಸಿ ಎಂದು ಡ್ರೂಪಲ್‌ನ ಭದ್ರತಾ ತಂಡವೇ ಆಮೇಲೆ ಎಚ್ಚರಿಸಿತು. ಬೆಂಗಳೂರಿನ ಲೆಕ್ಕದಲ್ಲಿ ಅದು ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ಜಾವ ನಾಲ್ಕೂವರೆ. ಬಿಡುವಿನಲ್ಲಿ ಜಾಲತಾಣ ನೋಡಿಕೊಳ್ಳುವ ಸ್ವಯಂಸೇವಕ ಆ ಹೊತ್ತಿನಲ್ಲಿ ಎದ್ದಿರುತ್ತಾನೆಯೇ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೂ ಸುರಕ್ಷತಾ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ.

ಶಿಕ್ಷಕಿಯ ಕಥೆ ಮನಸ್ಸಿಗೆ ತಟ್ಟುತ್ತದೆ. ಆದರೆ ಪತಿ ತೀರಿಕೊಂಡದ್ದನ್ನು ಯಾರಾದರೂ ಕೂತು ಬರೆದಿಡಬೇಕಿತ್ತು. ಆ ಕೆಲಸವನ್ನು ಯಾವ ತಂತ್ರಾಂಶವೂ ಮಾಡುವುದಿಲ್ಲ. ಸಿವಿಸಿಆರ್‌ಎಂ ಈಗ ಜಾಲತಾಣದ ಹಂಗಿಲ್ಲದೆ ಸ್ವತಂತ್ರವಾಗಿಯೂ ನಡೆಯುತ್ತದೆ. ಬೇಕೆಂದವರು ಅದನ್ನೇ ಪ್ರತ್ಯೇಕ ಸರ್ವರಿನಲ್ಲಿಟ್ಟುಕೊಳ್ಳಲಿ.