ದಣಿದವರಿಗೆ ಪ್ರವೇಶವಿಲ್ಲ

ಬೆಂಗಳೂರಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದೇನೂ ಕಷ್ಟವಲ್ಲ. ಬೀದಿಗೊಂದು ದರ್ಶಿನಿ ಇದೆ. 2017ರಲ್ಲಿ ಇಂದಿರಾ ಕ್ಯಾಂಟೀನ್ ಬಂದ ಮೇಲೆ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟವೂ ಸಿಕ್ಕಿತು. ಕಷ್ಟ ಶುರುವಾಗುವುದು ಕೈ ತೊಳೆದ ಮೇಲೆ. ಉಂಡು ನೂರಡಿ ನಡೆದು ಎಡಮಗ್ಗುಲಿಗೆ ಒರಗಬೇಕು ಅಂತ ಹಿರಿಯರು ಹೇಳುತ್ತಾರೆ. ನೂರಡಿ ಏನು, ಪಾರ್ಕಿಂಗ್ ಮಾಡಿದ ಸ್ಕೂಟರ್‌ಗಳನ್ನು ಸುತ್ತಿಕೊಂಡು ಹೋದರೆ ಸಾವಿರ ಅಡಿಯೇ ಆಗುತ್ತದೆ. ಒರಗುವ ಯೋಚನೆ ಮಾತ್ರ ಬಿಟ್ಟುಬಿಡಿ.

ನಿಂತು ತಿನ್ನುವ ಪದ್ಧತಿಯನ್ನು ಊರಿಗೆ ಕಲಿಸಿದ್ದು 1983ರಲ್ಲಿ ಜಯನಗರದಲ್ಲಿ ಶುರುವಾದ ಕೆಫೆ ದರ್ಶಿನಿ. ನನಗೆ ಅದರ ಮೇಲೆ ಸಿಟ್ಟಿಲ್ಲ. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಅದಕ್ಕೇ ರೇಟು ಕಮ್ಮಿ. ಬಿಸಿ ಇಡ್ಲಿಗಾಗಿ ಐದು ನಿಮಿಷ ನಿಂತರೆ ಗಂಟೇನು ಹೋಗುವುದಿಲ್ಲ. ಆದರೆ ನಮ್ಮನ್ನು ಆಳುವವರಿಗೆ ಈ ಐಡಿಯಾ ಸ್ವಲ್ಪ ಜಾಸ್ತಿಯೇ ಹಿಡಿಸಿಬಿಟ್ಟಿತು. ಇಡ್ಲಿ ಬಿಟ್ಟರು, ನಿಲ್ಲಿಸುವುದನ್ನು ಮಾತ್ರ ಇಟ್ಟುಕೊಂಡರು.

ಬಸ್ ಸ್ಟಾಪಿನ ಸ್ಟೀಲ್ ಸೀಟು ನೋಡಿದ್ದೀರಲ್ವಾ? ಗೇಣಗಲ, ಮುಂದಕ್ಕೆ ಇಳಿಜಾರು. ಕೂತರೆ ಜಾರುತ್ತೀರಿ. ಜಾರದಿರಲು ಎರಡೂ ಕಾಲು ನೆಲಕ್ಕೆ ಒತ್ತಿ ಹಿಡಿಯಬೇಕು. ಮಧ್ಯಾಹ್ನವಾದರೆ ದೋಸೆ ಕಾವಲಿಯಂತೆ ಕಾದಿರುತ್ತದೆ. ಬಿಎಂಟಿಸಿ ಬರುವಷ್ಟರಲ್ಲಿ ತೊಡೆಗೆ ಒಳ್ಳೆ ವ್ಯಾಯಾಮ, ಜಿಮ್ ಫೀಸು ಉಳಿತಾಯ.

ಸರಿ, ಪಾರ್ಕಿಗೆ ಹೋಗೋಣ ಅಂತೀರಿ. 2024ರವರೆಗೆ ಅಲ್ಲಿಗೂ ಗಡಿಯಾರ ನೋಡಿಕೊಂಡೇ ಹೋಗಬೇಕಿತ್ತು. ಆಗಿನ ಒಂದು ದಿನ ಹೇಗಿತ್ತು ನೋಡಿ. ಪಾಲಿಕೆ ಪಾರ್ಕುಗಳ ಗೇಟು ಬೆಳಗ್ಗೆ ಐದಕ್ಕೇ ತೆರೆಯುತ್ತದೆ. ಎಂಟು ಗಂಟೆ ಚೆನ್ನಾಗಿ ನಿದ್ದೆ ಮಾಡಿದವರು, ಕಾರಿನಲ್ಲಿ ಬಂದು, ಬಿಳಿ ಶೂ ಹಾಕಿ ನಡೆಯುತ್ತಾರೆ. ನಗೆಕೂಟದವರು ಲೀಡರ್ ಹೇಳಿದಾಗ ನಗುತ್ತಾರೆ. ಗೇಟಿನ ಹೊರಗೆ ಗರಿಕೆ ಜ್ಯೂಸು, ಬಾಳೆದಿಂಡಿನ ಜ್ಯೂಸು, ಮೊಳಕೆ ಕಾಳು ಕಾದಿರುತ್ತವೆ. ಹತ್ತು ಗಂಟೆಗೆ ಎಲ್ಲರೂ ಫ್ರೆಶ್. ಬೀಗ.

ದಣಿದವರು ಬರುವುದು ಆಮೇಲೆ. ಬೆಳಕು ಹರಿಯುವ ಮುಂಚೆ ಪೊರಕೆ ಹಿಡಿದ ಪೌರಕಾರ್ಮಿಕರು, ಮೋಲ್ಡ್ ಹಾಕಿ ಬಂದ ಗಾರೆ ಕೆಲಸದವರು, ಡೆಲಿವರಿ ಹುಡುಗರು. ಪಾರ್ಕಿನ ಮರದ ನೆರಳು ಬೇಲಿ ದಾಟಿ ಫುಟ್‌ಪಾತಿಗೆ ಎಷ್ಟು ಬಿದ್ದಿದೆಯೋ ಅಷ್ಟೇ ಅವರ ಪಾಲು. ಹುಡುಗರು ಬೈಕಿನ ಮೇಲೆ ಅಡ್ಡ ಕೂತು ಮೊಬೈಲ್ ನೋಡುತ್ತಿರುತ್ತಾರೆ. ಬೆನ್ನಿಗೆ ಇನ್ಯಾರದೋ ಬಿರಿಯಾನಿ. ಬೇಲಿಯ ಒಳಗೆ ಗ್ರಾನೈಟ್ ಬೆಂಚುಗಳು ಖಾಲಿ. ಒಂದೊಂದರ ಮೇಲೂ ಇಂಥವರ ಸ್ಮರಣಾರ್ಥ ಅಂತ ಕೆತ್ತಿದೆ. ಸತ್ತವರ ಹೆಸರಿಗೆ ಇಡೀ ದಿನ ವಿಶ್ರಾಂತಿ. ಬದುಕಿರುವವರಿಗೆ ಸಂಜೆ ನೋಡೋಣ.

ಮಧ್ಯಾಹ್ನ ಯಾಕೆ ಬೀಗ ಅಂದರೆ, ಬಹುಶಃ ವಾಚ್‌ಮನ್‌ಗೆ ಊಟದ ಹೊತ್ತು. ಅದು ನ್ಯಾಯವೇ. ಅಷ್ಟು ದೊಡ್ಡ ತೋಟದಲ್ಲಿ ಕೊನೆಗೆ ಒಬ್ಬರಾದರೂ ಡಬ್ಬಿ ಬಿಚ್ಚಿ, ನೀರು ಕುಡಿದು, ಟವೆಲ್ ಹಾಸಿ ಮಲಗುತ್ತಾರಲ್ಲ!

2024ರಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು ಪಾರ್ಕುಗಳು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಲಿ ಅಂದರು. ಇದರಿಂದ ಹಲವು ಸಭ್ಯರ ನಿದ್ದೆ ಕೆಟ್ಟಿತು. ಹೀಗೆ ಇಡೀ ದಿನ ತೆರೆದಿಟ್ಟರೆ ಕಂಡಕಂಡವರು ಒಳಗೆ ಬಂದು ಕೂರುವುದಿಲ್ಲವೇ? ಬೆಂಚಿರುವ ಕಡೆ ಈ ಅಪಾಯ ಯಾವಾಗಲೂ ಇದ್ದದ್ದೇ. ಇಂದಿರಾನಗರದ ಒಂದು ಪಾರ್ಕಿನ ಬೋರ್ಡಂತೂ ಸುದ್ದಿಯೇ ಆಯಿತು. ಓಡಬಾರದು, ಆಡಬಾರದು, ಅಪ್ರದಕ್ಷಿಣವಾಗಿ ನಡೆಯಬಾರದು. ಪ್ರದಕ್ಷಿಣೆಗೆ ಎಲ್ಲ ವ್ಯವಸ್ಥೆಯೂ ಆಗಿದೆ, ನಡುವೆ ದೇವರನ್ನು ಕೂರಿಸುವುದೊಂದು ಬಾಕಿ. ಕೂರಿಸುವುದು ಅಂದೆನಲ್ಲ, ಅದಕ್ಕೂ ಬಹುಶಃ ಆಕ್ಷೇಪ ಬರುತ್ತದೆ.

ನೆರೆಮನೆಯವರು ಈ ವಿಷಯದಲ್ಲಿ ತೀರಾ ಸಡಿಲ. ಅಂಗಡಿ ನೌಕರರಿಗೆ ಕೂರಲು ಅವಕಾಶ ಕೊಡಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಿದವು. ಚೆನ್ನೈ ಪಾಲಿಕೆಯಂತೂ 2025ರಲ್ಲಿ ಅಣ್ಣಾನಗರದಲ್ಲಿ ಡೆಲಿವರಿ ಹುಡುಗರಿಗೆ ಏಸಿ ಕೋಣೆ ತೆರೆಯಿತು. ಕೂರಲು ಸೀಟು, ಕುಡಿಯಲು ನೀರು. ಹೀಗೆ ಮುದ್ದು ಮಾಡಿದರೆ ನಾಳೆ ಬಿರಿಯಾನಿ ಎರಡು ನಿಮಿಷ ತಡವಾಗಿ ಬಂದೀತು. ಯಾರು ಹೊಣೆ?

ಅದಕ್ಕೆ ನನ್ನದೊಂದು ಸಲಹೆ. ಹೇಗಿದ್ದರೂ 2025ರಲ್ಲಿ ಬೆಂಗಳೂರಿನ ಒಂದು ಪಾಲಿಕೆ ಐದಾಗಿದೆ. ಐದೂ ಸೇರಿ ದಣಿವಿನ ಸರ್ಟಿಫಿಕೇಟು ಕೊಡಲಿ. ಆಧಾರ್ ಜೆರಾಕ್ಸ್, ಎರಡು ಫೋಟೋ, ಬೆವರಿದ್ದಕ್ಕೆ ಇಬ್ಬರು ಸಾಕ್ಷಿಗಳ ಸಹಿ. ಫೋಟೋದಲ್ಲಿ ನಿಜಕ್ಕೂ ಸುಸ್ತಾದಂತೆ ಕಾಣಬೇಕು, ನಕ್ಕರೆ ಅರ್ಜಿ ವಜಾ. ಸರ್ಟಿಫಿಕೇಟು ಇದ್ದವರಿಗೆ ಪಾರ್ಕಿನ ಬೆಂಚಿನಲ್ಲಿ ಕಾಲು ಗಂಟೆ, ಹಿರಿಯರಿಗೆ ಐದು ನಿಮಿಷ ಎಕ್ಸ್‌ಟ್ರಾ. ಒರಗಬೇಕೆಂದರೆ ಬೇರೆ ಫಾರಂ. ಕೌಂಟರ್ ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತದೆ, ಸಾಹೇಬರು ಊಟ ಮುಗಿಸಿ ಸ್ವಲ್ಪ ಕಣ್ಣು ಮುಚ್ಚಿ ಏಳುವವರೆಗೆ ಕಾಯಬೇಕು. ನಿಂತುಕೊಂಡು.