ಲ್ಯಾಬಿನ ಬಾಗಿಲು ಎಷ್ಟು ಅಗಲ ಇರಬೇಕು?

ನಾನು ಪಾಠ ಮಾಡುತ್ತಿದ್ದ ಎಂಜಿನಿಯರಿಂಗ್ ಕಾಲೇಜಿಗೆ ಒಂದು ಹೊಸ ಯುಟಿಎಂ ಬಂತು. ಕಬ್ಬಿಣದ ಸರಳನ್ನು ತುಂಡಾಗುವ ತನಕ ಎಳೆದು ಅದರ ಗಟ್ಟಿತನ ನೋಡುವ ಮಷಿನ್. ಬ್ಲಾಕ್ ಕಟ್ಟಿ ಇನ್ನೂ ವರ್ಷ ತುಂಬಿರಲಿಲ್ಲ. ಮುಂದುಗಡೆ ಪೂರ್ತಿ ನೀಲಿ ಗಾಜು, ಒಳಗೆ ಕಾಲು ಜಾರುವಷ್ಟು ಹೊಳೆಯುವ ಗ್ರಾನೈಟ್. ಆದರೆ ಲ್ಯಾಬಿಗೆ ಇಟ್ಟಿದ್ದು ಮನೆಗೆ ಇಡುವಂಥ ಬಾಗಿಲು. ಮಷಿನ್ ಒಳಗೆ ಹೋಗಲೇ ಇಲ್ಲ. ನಾಲ್ಕು ದಿನ ಮಳೆಯಲ್ಲಿ ಟಾರ್ಪಾಲ್ ಹೊದ್ದು ಅಂಗಳದಲ್ಲೇ ನಿಂತಿತ್ತು. ಐದನೇ ದಿನ ಗೋಡೆ ಒಡೆದರು. ಆಮೇಲೆ ಆ ಗ್ರಾನೈಟ್ ಕಿತ್ತು, ನೆಲ ಅಗೆದು ಫೌಂಡೇಶನ್ ಹಾಕಿದರು. ಗೋಡೆಗೆ ತೇಪೆ ಹಾಕಿದ ಜಾಗದ ಬಣ್ಣ ಕೊನೆಗೂ ಹೊಂದಲಿಲ್ಲ.

ನಮ್ಮ ಲ್ಯಾಬಿನ ಇನ್‌ಸ್ಟ್ರಕ್ಟರ್ ಅಂದು ಹೇಳಿದ್ದು ಒಂದೇ ಮಾತು: "ಸರ್, ನಕ್ಷೆ ಹಾಕುವಾಗ ನನ್ನನ್ನ ಒಂದ್ಸಲ ಕರೆದಿದ್ರೆ ಸಾಕಿತ್ತು." ಇಪ್ಪತ್ತು ವರ್ಷ ಅದೇ ಮಷಿನ್‌ಗಳ ಜೊತೆ ಇದ್ದವರು. ಅವರನ್ನು ಕೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ನನಗೆ ಆ ಮಾತು ಈಗಲೂ ಚುಚ್ಚುತ್ತದೆ.

ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯಲ್ಲಿ 'ಬಿಲ್ಡಿಂಗ್ 20' ಅಂತ ಒಂದು ಕಟ್ಟಡ ಇತ್ತು. 1943ರಲ್ಲಿ, ಯುದ್ಧದ ನಡುವೆ, ರೇಡಾರ್ ಸಂಶೋಧನೆಗೆಂದು ಮರದಲ್ಲಿ ಅವಸರವಾಗಿ ಕಟ್ಟಿದ್ದು. ಯುದ್ಧ ಮುಗಿದ ಕೂಡಲೇ ಕೆಡವುವ ಲೆಕ್ಕ ಇತ್ತು. ಆದರೆ 1998ರವರೆಗೂ ಉಳಿಯಿತು. ಬೇಸಿಗೆಯಲ್ಲಿ ವಿಪರೀತ ಸೆಕೆ, ನೋಡಲು ಗೋದಾಮು. ಆದರೂ ಅಲ್ಲಿ ಕೆಲಸ ಮಾಡಿದವರಿಗೆ ಅದರ ಮೇಲೆ ಪ್ರಾಣ. ವೈರ್ ಎಳೆಯಬೇಕಾ, ಗೋಡೆಗೆ ತೂತು ಹಾಕಬೇಕಾ, ಹಾಕಿದರೆ ಆಯ್ತು. ಜೆರಾಲ್ಡ್ ಜಕರಾಯಸ್ ಅವರ ಪರಮಾಣು ಗಡಿಯಾರದ ಪ್ರಯೋಗಕ್ಕೆ ಎತ್ತರ ಸಾಲದೆ ಹೋದಾಗ ಮೇಲಿನ ಮಹಡಿಗಳ ನೆಲವನ್ನೇ ತೆಗೆದರು! ಅದೇ ಕಟ್ಟಡದಲ್ಲಿ ಭಾಷಾವಿಜ್ಞಾನದ ನೋಮ್ ಚಾಮ್‌ಸ್ಕಿಯೂ ಇದ್ದರು, ಧ್ವನಿಯ ಬಗ್ಗೆ ಕೆಲಸ ಮಾಡುತ್ತಿದ್ದ ಅಮರ್ ಬೋಸ್ ಕೂಡ ಇದ್ದರು.

ಆ ಜಾಗದಲ್ಲಿ 2004ರಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ವಿನ್ಯಾಸದ ಸ್ಟಾಟಾ ಸೆಂಟರ್ ಅನ್ನೋ ಕಟ್ಟಡ ಬಂತು. ನೋಡಲು ಜನ ದೂರದಿಂದ ಬರುತ್ತಾರೆ. ಆದರೆ ನೀರು ಸೋರುತ್ತದೆ, ಬಿರುಕು ಬಿಟ್ಟಿದೆ ಅಂತ 2007ರಲ್ಲಿ ಎಂಐಟಿಯೇ ಕೋರ್ಟ್ ಮೆಟ್ಟಿಲು ಹತ್ತಿತು. ಆಮೇಲೆ ರಾಜಿಯಾಯಿತು.

ಅಷ್ಟು ದೂರ ಯಾಕೆ, ಬೆಂಗಳೂರಿನ ಐಐಎಸ್‌ಸಿಯನ್ನೇ ನೋಡಿ. 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ ಅಲ್ಲಿ ಏರೋನಾಟಿಕ್ಸ್ ವಿಭಾಗದ ಕಟ್ಟಡ ರೂಪಿಸಿದರು. ನಮ್ಮ ಬಿಸಿಲು, ನಮ್ಮ ಗಾಳಿ ಹೇಗೆ ಅಂತ ಮೊದಲು ಲೆಕ್ಕ ಹಾಕುತ್ತಿದ್ದ ಮನುಷ್ಯ ಅವರು. ಮುಂದೆ ಅದೇ ವಿಭಾಗಕ್ಕೆ ಬಂದ ದೊಡ್ಡ ವಿಂಡ್ ಟನೆಲ್‌ನಲ್ಲಿ, ಅಂದರೆ ಜೋರಾಗಿ ಗಾಳಿ ಹಾಯಿಸಿ ಪರೀಕ್ಷೆ ಮಾಡುವ ಸುರಂಗದಲ್ಲಿ, ವಿಮಾನದ ಮಾದರಿ ಇಡುವ ಜಾಗವೇ 14 ಅಡಿ ಅಗಲ, 9 ಅಡಿ ಎತ್ತರ. ಇಂಥ ಕಡೆ ಮೊದಲು ಯಂತ್ರದ ಅಳತೆ, ಆಮೇಲೆ ಗೋಡೆ. ಬೇರೆ ದಾರಿಯೇ ಇಲ್ಲ, ಅಲ್ವಾ?

ಗಾಜಿಗೆ ಹಾಕುವ ದುಡ್ಡಲ್ಲಿ ಏನೆಲ್ಲ ಆಗುತ್ತದೆ ನೋಡಿ. ಎರಡು ಕಡೆ ತೆರೆಯುವ ದೊಡ್ಡ ಬಾಗಿಲು, ಸೂರಿನಲ್ಲಿ ಕ್ರೇನ್, ನೆಲದಲ್ಲಿ ಮುಚ್ಚಳ ಎತ್ತಿದರೆ ಸಿಗುವ ಕೇಬಲ್ ಚರಂಡಿ. ವರ್ಕ್‌ಶಾಪ್ ಹಿಂದುಗಡೆ ಶೆಡ್ಡಿನಲ್ಲಿ ಯಾಕಿರಬೇಕು? ಮುಂಬಾಗಿಲ ಪಕ್ಕದಲ್ಲೇ ಇರಲಿ. ಮೊದಲ ವರ್ಷದ ಮಕ್ಕಳು ದಿನಾ ಲೇತ್ ತಿರುಗುವುದನ್ನು ನೋಡಿಕೊಂಡೇ ಕ್ಲಾಸಿಗೆ ಹೋಗಲಿ.

ಆ ಕಾಲೇಜಿನಲ್ಲಿ ಇನ್ನೊಂದು ಬ್ಲಾಕಿನ ನಕ್ಷೆ ತಯಾರಾಗುತ್ತಿದೆಯಂತೆ. ನಮ್ಮ ಇನ್‌ಸ್ಟ್ರಕ್ಟರ್ ರಿಟೈರ್ ಆಗಲು ಇನ್ನು ಎಂಟು ತಿಂಗಳಿದೆ. ದಯವಿಟ್ಟು ಈ ಸಲವಾದರೂ ಅವರನ್ನು ಕರೆಯಿರಿ.