ವಂಶವೃಕ್ಷ ಕೇಳಿದರೆ ‘ಯಾವ ಜಮೀನು?’ ಅಂತಾರೆ

ಬೆಂಗಳೂರಿನಲ್ಲಿ ನೆಂಟರ ಮನೆಗೆ ಹೋಗಿ, "ನಿಮ್ಮ ತಾತನ ಅಪ್ಪನ ಹೆಸರೇನು, ಅವರಿಗೆ ಎಷ್ಟು ಜನ ಮಕ್ಕಳು?" ಅಂತ ಕೇಳಿ ನೋಡಿ. ಕಾಫಿ ಬರುವ ಮೊದಲೇ ಅನುಮಾನ ಬರುತ್ತದೆ. "ಯಾಕಪ್ಪಾ, ಊರಿನ ಜಮೀನಿನ ವಿಚಾರ ಏನಾದರೂ ಎದ್ದಿದೆಯಾ?" ನಮ್ಮಲ್ಲಿ ವಂಶವೃಕ್ಷ ಅಂದರೆ ನಾಡಕಚೇರಿಗೆ ಅರ್ಜಿ ಹಾಕಿ ತರುವ ಕಾಗದ. ಪೌತಿ ಖಾತೆಗೆ ಬೇಕು, ಭಾಗ ಮಾಡಿಕೊಳ್ಳಲು ಬೇಕು, ಕೋರ್ಟಿಗೆ ಬೇಕು. ಸುಮ್ನೆ ತಿಳಿದುಕೊಳ್ಳೋಣ ಅಂತ ಯಾರೂ ಕೇಳುವುದಿಲ್ಲ. ಹಾಗಾಗಿ ಕೇಳಿದವನ ಮೇಲೆ ಒಂದು ಕಣ್ಣು ಇದ್ದೇ ಇರುತ್ತದೆ, ಅದರಲ್ಲೂ ವಿದೇಶದಿಂದ ಬಂದವನಾದರೆ ಇನ್ನೂ ಜಾಸ್ತಿ.

ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಅಲ್ಲಿ ವಂಶವೃಕ್ಷ ಹುಡುಕುವುದು ರಿಟೈರ್ ಆದವರ ಹವ್ಯಾಸ. ತೋಟದ ಕೆಲಸ ಮುಗಿಸಿ ಲೈಬ್ರರಿಗೆ ಹೋಗಿ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಹಿರಿಯರ ಹಳೇ ದಾಖಲೆಗಳನ್ನು ದುಡ್ಡು ಕೊಟ್ಟು ನೋಡಬೇಕಾದ ಆನ್ಸೆಸ್ಟ್ರಿಯಂಥ ತಾಣಗಳನ್ನು ಅಲ್ಲಿನ ಎಷ್ಟೋ ಲೈಬ್ರರಿಗಳಲ್ಲಿ ಪುಕ್ಕಟೆಯಾಗಿ ನೋಡಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟು, ಮದುವೆ, ಸಾವುಗಳನ್ನು ಸರ್ಕಾರವೇ ದಾಖಲು ಮಾಡಲು ಶುರುಮಾಡಿದ್ದು 1837ರಲ್ಲಿ. ಅದಕ್ಕೂ ಹಿಂದಿನದು ಬೇಕಾದರೆ 1538ರಿಂದ ಚರ್ಚುಗಳು ಬರೆದುಕೊಂಡು ಬಂದ ಪುಸ್ತಕಗಳಿವೆ. ಜನಗಣತಿಯಲ್ಲಿ ಮನೆಮನೆಯ ಹೆಸರು ಬರೆದಿಟ್ಟಿರುವುದು 1841ರಿಂದ. ನೂರು ವರ್ಷ ಮುಚ್ಚಿಟ್ಟು ಆಮೇಲೆ ತೆರೆಯುತ್ತಾರೆ. 1921ರ ಗಣತಿ 2022ರ ಜನವರಿಯಲ್ಲಿ ಆನ್‌ಲೈನ್‌ಗೆ ಬಂತು. ಇನ್ನು ಮುಂದಿನದು ಇಲ್ಲ. 1931ರದ್ದು 1942ರಲ್ಲಿ ಬೆಂಕಿಗೆ ಹೋಯಿತು, 1941ರಲ್ಲಿ ಯುದ್ಧ ನಡೆಯುತ್ತಿದ್ದುದರಿಂದ ಗಣತಿಯೇ ಆಗಲಿಲ್ಲ. ಹೀಗಾಗಿ ಅಲ್ಲಿನ ಹವ್ಯಾಸಿಗಳು 1951ರ ಗಣತಿಗಾಗಿ ಈಗಿನಿಂದಲೇ ಕಾಯುತ್ತಿದ್ದಾರೆ!

ಇದರಲ್ಲಿ ನನಗೆ ಸ್ವಲ್ಪ ಹೊಟ್ಟೆ ಉರಿಸಿದ ಸಂಗತಿ ಒಂದಿದೆ. ಇಂಗ್ಲೆಂಡಿನ ಒಬ್ಬನ ಮುತ್ತಜ್ಜ ಬೆಂಗಳೂರಿನ ದಂಡಿನಲ್ಲಿ ಹುಟ್ಟಿದ್ದ ಅಂತಿಟ್ಟುಕೊಳ್ಳಿ. ದಂಡು ಅಂದರೆ 1809ರಲ್ಲಿ ಶುರುವಾದ ಕಂಟೋನ್ಮೆಂಟ್. ಆ ಮಗುವಿನ ನಾಮಕರಣದ ದಾಖಲೆ ಮದ್ರಾಸ್ ಪ್ರಾಂತ್ಯದ ಚರ್ಚಿನ ಲೆಕ್ಕದ ಜೊತೆ ಲಂಡನ್ನಿಗೆ ಹೋಗಿ, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಚಿತ್ರ ಇಂಟರ್‌ನೆಟ್ಟಿನಲ್ಲೂ ಸಿಗುತ್ತದೆ. ಇಂಥವರಿಗೆ ದಾರಿ ತೋರಿಸಲು ಫಿಬಿಸ್ ಅನ್ನುವ ಸಂಘವೂ ಇದೆ. ಅದೇ ಕಾಲದಲ್ಲಿ ಎರಡು ಮೈಲಿ ಆಚೆ ಪೇಟೆಯಲ್ಲಿ ಹುಟ್ಟಿದ ನನ್ನ ಮುತ್ತಜ್ಜನ ಹೆಸರು ಟೈಪ್ ಮಾಡಿದರೆ ಏನೂ ಬರುವುದಿಲ್ಲ. ಒಂದೇ ಊರು, ಒಂದೇ ಕಾಲ. ಒಬ್ಬನಿಗೆ ಕಾಗದ ಉಂಟು, ಇನ್ನೊಬ್ಬನಿಗಿಲ್ಲ.

ನಮ್ಮಲ್ಲಿ ಜನಗಣತಿ ನಡೆದಿಲ್ಲ ಅಂತಲ್ಲ. ಮೈಸೂರು ಸಂಸ್ಥಾನದಲ್ಲಿ 1871ರಲ್ಲೇ ನಡೆದಿತ್ತು. ಆದರೆ ಮನೆಮನೆಯ ಪಟ್ಟಿ ನಮ್ಮ ಕೈಗೆ ಬರುವುದಿಲ್ಲ. 1948ರ ಜನಗಣತಿ ಕಾಯ್ದೆ ಪ್ರಕಾರ ಅದು ಗುಟ್ಟಿನ ದಾಖಲೆ, ನೂರು ವರ್ಷ ಆದಮೇಲೆ ತೆರೆಯುತ್ತೇವೆ ಅನ್ನುವ ಮಾತೂ ಅದರಲ್ಲಿಲ್ಲ. ಹುಟ್ಟು ಸಾವಿನ ನೋಂದಣಿಗೆ ಇಡೀ ದೇಶಕ್ಕೆ ಒಂದೇ ಕಾನೂನು ಬಂದದ್ದು 1969ರಲ್ಲಿ.

ಸಾಲದ್ದಕ್ಕೆ ವಂಶವೃಕ್ಷ ಬರೆಯುವ ಸಾಫ್ಟ್‌ವೇರ್‌ಗಳೂ ನಮಗಾಗಿ ಮಾಡಿದ್ದಲ್ಲ. ಮೊದಲ ಪ್ರಶ್ನೆಯೇ ಸರ್‌ನೇಮ್. ನಮ್ಮ ತಾತನ ಹೆಸರಿನ ಹಿಂದೆ ಇದ್ದದ್ದು ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಅಪ್ಪನಿಗೆ ಒಂದೇ. ನನಗೆ ಪಾಸ್‌ಪೋರ್ಟ್ ಮಾಡಿಸುವಾಗ ಅಪ್ಪನ ಹೆಸರೇ ಸರ್‌ನೇಮ್ ಆಯಿತು. ಮೂರು ತಲೆಮಾರಿಗೆ ಮೂರು ಸರ್‌ನೇಮ್, ಆ ತಾಣದ ಲೆಕ್ಕದಲ್ಲಿ ನಾವು ಮೂವರೂ ಬೇರೆ ಬೇರೆ ಮನೆಯವರು. ಸೋದರಮಾವನನ್ನು ಮದುವೆಯಾದ ಅಜ್ಜಿ ಬಂದರಂತೂ ಕೇಳಲೇಬೇಡಿ. ಒಂದೇ ಅಜ್ಜಿ ಮರದಲ್ಲಿ ಎರಡು ಕಡೆ ಕಾಣಿಸಿಕೊಳ್ಳುತ್ತಾರೆ, ಒಮ್ಮೆ ಸೊಸೆಯಾಗಿ, ಒಮ್ಮೆ ಮೊಮ್ಮಗಳಾಗಿ. ಅವರು ಅದನ್ನು ಮರ ಅಂತಾರೆ. ನಮ್ಮದು ಮಲ್ಲಿಗೆ ಬಳ್ಳಿ, ಎಲ್ಲಿ ಹೊರಟು ಎಲ್ಲಿ ಸುತ್ತಿಕೊಂಡಿದೆ ಅಂತ ಹೇಳುವುದು ಕಷ್ಟ.

ಹಾಗಂತ ನಮ್ಮಲ್ಲಿ ಕಾಗದವೇ ಇಲ್ಲವಾ? ಇದೆ. ಅವರು ಹುಡುಕುವ ಕಡೆ ಇಲ್ಲ, ಅಷ್ಟೇ.

ಬಸವನಗುಡಿಯಲ್ಲಿರುವ ನಮ್ಮ ಸೋದರತ್ತೆಯ ಬೀರುವಿನಲ್ಲಿ ಒಂದು ಹಳೇ ಬಟ್ಟೆಯ ಗಂಟು ಇತ್ತು. ಅದರಲ್ಲಿ ಲಗ್ನಪತ್ರಿಕೆಗಳು, ಜಾತಕಗಳು, ಕಂದಾಯದ ರಸೀದಿಗಳು. ಅರಿಶಿನ ಹಚ್ಚಿದ ಮೂಲೆ ಇನ್ನೂ ಹಳದಿಯಾಗೇ ಇತ್ತು. ಒಂದು ಲಗ್ನಪತ್ರಿಕೆ ಓದಿದರೆ ಸಾಕು, ಹುಡುಗನ ಕಡೆಯ ಅಜ್ಜ, ಹುಡುಗಿಯ ಕಡೆಯ ಅಜ್ಜ, ಊರು, ತಾರೀಖು, ಮದುವೆ ನಡೆದ ಛತ್ರ ಎಲ್ಲಾ ಸಿಗುತ್ತದೆ. ಚರ್ಚಿನ ಪುಸ್ತಕದಲ್ಲಿ ಇಷ್ಟು ಇರುವುದಿಲ್ಲ.

ಜಾತಕದ ಕಥೆ ಇನ್ನೂ ಚೆಂದ. ಮುತ್ತಜ್ಜನ ಜಾತಕದಲ್ಲಿ ಇಸವಿ ಇಲ್ಲ, "ವಿಳಂಬಿ ಸಂವತ್ಸರ" ಅಂತ ಮಾತ್ರ ಇದೆ. ಸಂವತ್ಸರ 60 ವರ್ಷಕ್ಕೊಮ್ಮೆ ಸುತ್ತುತ್ತದಲ್ವಾ? ವಿಳಂಬಿ ಇತ್ತೀಚೆಗೆ ಬಂದದ್ದು 2018ರ ಯುಗಾದಿಗೆ. ಅದರಿಂದ ಹಿಂದಕ್ಕೆ ಎಣಿಸಿದರೆ 1958, 1898, 1838. ಮಧ್ಯದ್ದೇ ಸರಿ ಅನ್ನಿಸಿತು. ಆಗ ಅತ್ತೆ ಅಂದರು, "ನಮ್ಮ ತಾತ ಪ್ಲೇಗ್ ಬಂದ ವರ್ಷ ಹುಟ್ಟಿದ್ದು ಕಣೋ. ಊರೆಲ್ಲಾ ಖಾಲಿ ಮಾಡಿಕೊಂಡು ಹೋಗ್ತಿದ್ರಂತೆ." ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರಲ್ಲಿ. ಅದಾದ ಮೇಲೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು. ಜಾತಕ ಅರ್ಧ ಹೇಳಿತು, ಅತ್ತೆಯ ಬಾಯಿಮಾತು ಉಳಿದರ್ಧ ಹೇಳಿತು. ತಿಥಿ ನಕ್ಷತ್ರ ಕೊಟ್ಟರೆ ಇಂಗ್ಲಿಷ್ ತಾರೀಖು ಹೇಳುವ ಪಂಚಾಂಗದ ತಾಣಗಳು ಈಗ ಬೇಕಾದಷ್ಟಿವೆ, ತಾರೀಖು ಅಲ್ಲಿ ಸಿಕ್ಕಿತು.

ಊರಿನಲ್ಲಿ ಜಮೀನಿದ್ದವರಿಗೆ ಇನ್ನೊಂದು ದಾರಿ ಇದೆ. ಭೂಮಿ ಯೋಜನೆಯಲ್ಲಿ 2000ದ ಸುಮಾರಿಗೇ ರಾಜ್ಯದ ಪಹಣಿಗಳು ಕಂಪ್ಯೂಟರ್ ಸೇರಿದವು, ಸುಮಾರು 2 ಕೋಟಿ. ಪೌತಿ ಖಾತೆಯ ಮ್ಯುಟೇಶನ್ ತೆಗೆದು ನೋಡಿ. ಯಾರು ತೀರಿಕೊಂಡರು, ಅವರ ವಾರಸುದಾರರು ಯಾರು ಅಂತ ಸಾಲಾಗಿ ಬರೆದಿರುತ್ತದೆ. ಇಂಗ್ಲೆಂಡಿನವರು ಚರ್ಚಿನಲ್ಲಿ ಹುಡುಕಿದ್ದನ್ನು ನಾವು ತಾಲ್ಲೂಕು ಕಚೇರಿಯಲ್ಲಿ ಹುಡುಕಬೇಕು, ಇಷ್ಟೇ ವ್ಯತ್ಯಾಸ. ಒಂದು ಎಚ್ಚರಿಕೆ: ಹಳೇ ಕಾಗದದಲ್ಲಿ ಹೆಣ್ಣುಮಕ್ಕಳ ಹೆಸರು ಅಪರೂಪ. ಕರ್ನಾಟಕದಲ್ಲಿ ಹಿಂದೂ ಮನೆತನದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲಿನ ಕಾನೂನು ಬಂದದ್ದು 1994ರಲ್ಲಿ. ಅದಕ್ಕೆ ಮುಂಚಿನ ಪಟ್ಟಿ ನಂಬಿಕೊಂಡರೆ ನಮ್ಮ ಮನೆಯಲ್ಲಿ ಹೆಣ್ಣು ಹುಟ್ಟಿಯೇ ಇಲ್ಲ ಅನ್ನಬೇಕಾಗುತ್ತದೆ.

ಉತ್ತರ ಕರ್ನಾಟಕದ ಕಡೆಯ ಸ್ನೇಹಿತರು ಈ ಮಾತು ಕೇಳಿ ನಗುತ್ತಾರೆ. ಅವರಿಗೆ ಹೆಳವರಿದ್ದಾರೆ. ಎತ್ತಿನ ಮೇಲೆ ಮನೆಬಾಗಿಲಿಗೆ ಬಂದು, ಆ ಮನೆತನದ ಹಿರಿಯರ ಹೆಸರನ್ನು ತಲೆಮಾರು ತಲೆಮಾರಾಗಿ ಹೇಳಿ, ದವಸ ಪಡೆದು ಹೋಗುವವರು. ಉತ್ತರ ಭಾರತದಲ್ಲಿ ಹರಿದ್ವಾರದ ಪಂಡರ, ಅಂದರೆ ತೀರ್ಥಕ್ಷೇತ್ರದ ಪುರೋಹಿತರ, ವಹಿಗಳಿವೆ, ಯಾತ್ರೆಗೆ ಬಂದ ಮನೆತನಗಳ ವಂಶ ಬರೆದಿಟ್ಟ ಪುಸ್ತಕಗಳು. ಅವನ್ನು ಅಮೆರಿಕದ ಫ್ಯಾಮಿಲಿಸರ್ಚ್‌ನವರು ಫೋಟೋ ತೆಗೆದಿಟ್ಟಿದ್ದಾರೆ. ಹೆಳವರು ಹೇಳುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವವರು ನಮ್ಮಲ್ಲಿ ಎಷ್ಟು ಜನ? ಬೆಂಗಳೂರಿನಲ್ಲೇ ಮಿಥಿಕ್ ಸೊಸೈಟಿಯವರು ಊರ ಸುತ್ತಲಿನ ಶಾಸನ, ವೀರಗಲ್ಲುಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಸುಮಾರು 750ನೇ ಇಸವಿಯದು. ಸಾವಿರದ ಇನ್ನೂರು ವರ್ಷದ ಹಿಂದಿನ ಕಿತ್ತಯ್ಯನ ಹೆಸರು ಫೋನಿನಲ್ಲಿ ನೋಡಬಹುದು, ಅತ್ತೆಯ ಬೀರು ಮಾತ್ರ ಹಾಗೇ ಇತ್ತು.

ಇಂಗ್ಲೆಂಡಿನಿಂದ ನಾವು ಕಲಿಯಬೇಕಾದದ್ದು ಒಂದೇ ಅಂತ ನನಗನ್ನಿಸುತ್ತದೆ. ಅವರ ದುಬಾರಿ ತಾಣಗಳಲ್ಲ, ಆಧಾರ ಬರೆದಿಡುವ ಅಭ್ಯಾಸ. ಪ್ರತಿ ಹೆಸರಿನ ಕೆಳಗೂ ಇದು ಎಲ್ಲಿ ಸಿಕ್ಕಿತು, ಯಾವ ಪುಸ್ತಕ, ಎಷ್ಟನೇ ಪುಟ ಅಂತ ಗುರುತು ಹಾಕುತ್ತಾರೆ. ನಾವು ಹಾಗೆ ಮಾಡದೆ ಜಗಳವಾಡುತ್ತೇವೆ. ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ, ಮುತ್ತಜ್ಜ ಪೇಟೆ ಬಿಟ್ಟು ಚಾಮರಾಜಪೇಟೆಗೆ ಬಂದದ್ದು ಯಾವಾಗ ಅಂತ ದೊಡ್ಡ ವಾದವೇ ಆಯಿತು. ಒಬ್ಬರು ಮದುವೆಗೆ ಮುಂಚೆ ಅಂದರು, ಇನ್ನೊಬ್ಬರು ಮಗ ಹುಟ್ಟಿದ ಮೇಲೆ ಅಂದರು. ನಡುವೆ ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳು. ಕೊನೆಗೆ ನಾವು ಎರಡನ್ನೂ ಬರೆದೆವು: ಇದು ಅತ್ತೆ ಹೇಳಿದ್ದು, ಅವರು ತಮ್ಮ ಅಜ್ಜಿಯ ಬಾಯಲ್ಲಿ ಕೇಳಿದ್ದು, ಇದು ದೊಡ್ಡಪ್ಪ ಹೇಳಿದ್ದು. ವಾದ ನಿಂತಿತು. ಅತ್ತೆಯ ಮಾತಿನ ಆಡಿಯೋವನ್ನೂ ಜೊತೆಗೇ ಇಟ್ಟೆವು.

ಡಿಎನ್‌ಎ ಪರೀಕ್ಷೆಯ ಬಗ್ಗೆ ಕೇಳುವವರಿದ್ದಾರೆ. ಬೇಡ ಅನ್ನುವ ಪಂಗಡದವನು ನಾನು. 23ಅಂಡ್‌ಮಿ ಕಂಪನಿಯಲ್ಲಿ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಕಳವಾಯಿತು, 2025ರ ಮಾರ್ಚ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಪಾಸ್‌ವರ್ಡ್ ಬದಲಾಯಿಸಬಹುದು, ರಕ್ತ ಬದಲಾಯಿಸಲು ಬರುತ್ತದಾ? ಅದೂ ಅಲ್ಲದೆ ಉಗುಳು ಕಳಿಸಿದರೆ ಮುತ್ತಜ್ಜಿಯ ಹೆಸರು ಸಿಗುವುದಿಲ್ಲ. ಮರದ ವಿಷಯದಲ್ಲೂ ಹುಷಾರಾಗಿರಬೇಕು. ತಾಯಿಯ ತವರಿನ ಹೆಸರು, ಹುಟ್ಟಿದ ತಾರೀಖು ಇವೇ ಎಷ್ಟೋ ಬ್ಯಾಂಕುಗಳಲ್ಲಿ ಗುಟ್ಟಿನ ಪ್ರಶ್ನೆ. ಹಾಗಾಗಿ ಬದುಕಿರುವವರ ವಿವರ ಮನೆಯ ಗುಂಪಿನೊಳಗೆ ಮಾತ್ರ, ತೀರಿಕೊಂಡವರದ್ದು ಬೇಕಾದರೆ ಎಲ್ಲರಿಗೂ. ಯಾವ ತಾಣ ಬಳಸಿದರೂ ಮರದ ವಿವರವೆಲ್ಲಾ ಇರುವ ಜೆಡ್‌ಕಾಮ್ (GEDCOM) ಫೈಲ್ ಇಳಿಸಿಟ್ಟುಕೊಳ್ಳಿ. ಆ ತಾಣ ನಾಳೆ ಮುಚ್ಚಿದರೂ ಅದನ್ನು ಇನ್ನೊಂದರಲ್ಲಿ ತೆರೆಯಬಹುದು.

ಇನ್ನೊಂದು ಮಾತು. ಹಿರಿಯರಿಗೆ ಲಿಂಕ್ ಕಳಿಸಬೇಡಿ, ತೆರೆಯುವುದಿಲ್ಲ. ನನ್ನ ಚಿಕ್ಕಪ್ಪನ ಮಗಳು ಗಾಂಧಿಬಜಾರಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಮರವನ್ನು ದೊಡ್ಡ ಹಾಳೆಯಲ್ಲಿ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿದಳು. ಅತ್ತೆ ಕನ್ನಡಕ ಹಾಕಿಕೊಂಡು, ಕೆಂಪು ಪೆನ್ನು ಕೇಳಿದರು. "ಇವನು ನನಗಿಂತ ದೊಡ್ಡವನು, ಕೆಳಗೆ ಯಾಕೆ ಹಾಕಿದೀರಾ? ಇವಳ ಹೆಸರು ಮದುವೇಲಿ ಬದಲಾಯಿಸಿದ್ದು, ತವರಲ್ಲಿ ಬೇರೆ ಹೆಸರಿತ್ತು. ಇಲ್ಲೊಂದು ಮಗು ಬಿಟ್ಟುಹೋಗಿದೆ." ಆ ಮಗುವಿನ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ, ಜಾತಕವೂ ಇರಲಿಲ್ಲ. ಈಗ ಮರದಲ್ಲಿ ಸೇರಿಸಿದ್ದೇವೆ, ಆಧಾರದ ಜಾಗದಲ್ಲಿ ಅತ್ತೆಯ ಹೆಸರು ಬರೆದು.